ಕೀಲುನೋವು ಮತ್ತು ಆಹಾರಪೂರಕಗಳು: ಕಾಫಿಸೀಮೆಯ ಜನ ತಿಳಿಯಬೇಕಾದ ಕೆಲವು ಸಂಗತಿಗಳು

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿಸೀಮೆಯಲ್ಲಿ ಸಮತಟ್ಟಾದ ನೆಲ ಕಡಮೆ. ಮನೆಯಿಂದ ತೋಟಕ್ಕೆ, ತೋಟದಿಂದ ಕಣಕ್ಕೆ, ಕಣದಿಂದ ರಸ್ತೆಗೆ ಏರುವುದೂ ಇಳಿಯುವುದೂ ಇಲ್ಲಿನ ಜನರ ನಿತ್ಯದ ಪಾಡು. ನವೆಂಬರ್ ತಿಂಗಳಿನಲ್ಲಿ ಅರೇಬಿಕಾ ಹಣ್ಣಿನ ಕೊಯ್ಲು ತೊಡಗಿದರೆ ರೊಬಸ್ಟಾ ಮುಗಿಯುವ ವೇಳೆಗೆ ಮಾರ್ಚ್ ಬಂದಿರುತ್ತದೆ. ಅದರ ಬೆನ್ನಿಗೇ ಕಪಾತು, ಗೊಬ್ಬರ, ಕಳೆ, ಮಳೆಗಾಲಕ್ಕೆ ಮುನ್ನ ನೆರಳಿನ ಮರಗಳ ರೆಂಬೆ ಸವರುವ ಕೆಲಸ. ಬಗ್ಗಿ, ಕುಕ್ಕರಗಾಲಿನಲ್ಲಿ ಕುಳಿತು, ಮೂಟೆ ಹೊತ್ತು ಕಳೆದ ವರ್ಷಗಳ ಲೆಕ್ಕವನ್ನು ಮಂಡಿಯೂ ಸೊಂಟವೂ ಇಟ್ಟುಕೊಂಡಿರುತ್ತವೆ. ಐವತ್ತು ದಾಟಿದವರಿರುವ ಮನೆಗಳಲ್ಲಿ ಕೀಲುನೋವಿನ ಮಾತು ಬಾರದ ದಿನ ವಿರಳ. ನೋವು ತೋಟದ ಯಜಮಾನರಿಗೂ ಲೈನುಮನೆಯ ಕೂಲಿಯವರಿಗೂ ಒಂದೇ. ಅದಕ್ಕಾಗಿ ವ್ಯಯಮಾಡುವ ಶಕ್ತಿ ಮಾತ್ರ ಒಂದೇ ಅಲ್ಲ.

ಈ ನೋವಿಗೆಂದು ಇಂದು ಬಗೆಬಗೆಯ ಆಹಾರಪೂರಕಗಳು ದೊರೆಯುತ್ತವೆ. ಗ್ಲುಕೋಸಮೀನ್ ಮಾತ್ರೆ, ಅರಿಶಿನದ ಸಾರದ ಗುಳಿಗೆ, ಮೀನೆಣ್ಣೆಯ ಕ್ಯಾಪ್ಸೂಲು, ಸಂತೆಯಲ್ಲಿ ಮಾರುವ ಹೆಸರಿಲ್ಲದ ಪುಡಿ ಹೀಗೆ ಪಟ್ಟಿ ಬೆಳೆಯುತ್ತದೆ. ಇವುಗಳಲ್ಲಿ ಯಾವುದು ಯಾರಿಗೆ ಪ್ರಯೋಜನಕಾರಿ, ಯಾವುದು ನಿಷ್ಪ್ರಯೋಜಕ, ಯಾವುದು ಅಪಾಯಕಾರಿ ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ವಿವೇಚನೆಗೆ ಮಲೆನಾಡಿನದೇ ಆದ ಒಂದು ರೋಗದ ಇತಿಹಾಸ ಉತ್ತಮ ಪೀಠಿಕೆಯಾಗಬಲ್ಲದು.

ಹಂದಿಗೋಡಿನ ಪಾಠ

1974-75ರ ಸುಮಾರಿಗೆ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ ವಿಚಿತ್ರವಾದ ಕೀಲುರೋಗವೊಂದು ಗಮನಕ್ಕೆ ಬಂದಿತು. ಸೊಂಟ ಮತ್ತು ಮಂಡಿಯ ಕೀಲುಗಳಲ್ಲಿ ನೋವು ಮೊದಲಾಗಿ, ನಡಿಗೆ ಕ್ರಮೇಣ ಕುಂಟಾಗಿ, ಕೆಲವರು ನೆಟ್ಟಗೆ ನಿಲ್ಲಲಾರದ ಸ್ಥಿತಿಯನ್ನು ತಲಪಿದರು. ಕೆಲವು ಕುಟುಂಬಗಳ ಮಕ್ಕಳು ಬೆಳವಣಿಗೆ ಕುಂಠಿತವಾಗಿ ಗಿಡ್ಡರಾಗಿಯೇ ಉಳಿದರು. ಪೀಡಿತರಲ್ಲಿ ಹೆಚ್ಚಿನವರು ಕೂಲಿಯಿಂದ ಜೀವಿಸುವ ಬಡವರು. ಚಿಕ್ಕಮಗಳೂರು ಜಿಲ್ಲೆಯ ಕೆಲವು ಗ್ರಾಮಗಳಲ್ಲಿಯೂ ಇದೇ ರೋಗ ಕಂಡುಬಂದಿತು.

ಮೊದಲ ಸಂಶಯ ಹೋದದ್ದು ಆಹಾರದ ಕಡೆಗೆ. ಗದ್ದೆಗಳಿಗೆ ಕೀಟನಾಶಕ ಸಿಂಪಡಿಸುವ ಪದ್ಧತಿ ಬಂದಿತ್ತು. ಅದೇ ಗದ್ದೆಗಳ ಏಡಿಗಳನ್ನು ಬಡವರು ಹಿಡಿದು ತಿನ್ನುತ್ತಿದ್ದರು. ಆದುದರಿಂದ ವಿಷ ಏಡಿಯ ಮೂಲಕ ಕೀಲುಗಳಿಗೆ ಸೇರಿರಬಹುದೆಂಬ ಊಹೆ ಹಬ್ಬಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಅಧ್ಯಯನ ಕೈಗೊಂಡು 1977ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಅದರಲ್ಲಿ ಅವರು ಈ ರೋಗಕ್ಕೆ ಕೊಟ್ಟ ಹೆಸರೇ ಮಲೆನಾಡಿನ ಕೌಟುಂಬಿಕ ಸಂಧಿವಾತ. ರೋಗ ಊರಿನಲ್ಲಿ ಎಲ್ಲರಿಗೂ ಬಾರದೆ ಕೆಲವೇ ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತಿತ್ತು. 1990ರ ದಶಕದ ತಳಿವಿಜ್ಞಾನದ ಅಧ್ಯಯನಗಳು ಇದು ಮೂಳೆಯ ತುದಿಗಳೂ ಬೆನ್ನೆಲುಬೂ ಸರಿಯಾಗಿ ರೂಪುಗೊಳ್ಳದ ಆನುವಂಶಿಕ ದೋಷವೆಂದು ವಿವರಿಸಿದವು. ತಂದೆ ಅಥವಾ ತಾಯಿ, ಇಬ್ಬರಲ್ಲೊಬ್ಬರಿಗೆ ದೋಷವಿದ್ದರೂ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ.

ಇಂಥ ರೋಗಕ್ಕೆ ಯಾವ ಪುಷ್ಟಿವರ್ಧಕವೂ ಮದ್ದಾಗಲಾರದು. ಪೌಷ್ಟಿಕ ಆಹಾರ ದೇಹಕ್ಕೆ ಬಲ ನೀಡೀತು. ಹುಟ್ಟಿನಿಂದಲೇ ಓರೆಯಾಗಿ ಬೆಳೆದ ಮೂಳೆಯ ತುದಿಯನ್ನು ಅದು ನೇರಗೊಳಿಸದು. ಪೀಡಿತರಿಗೆ ನೆರವಾಗಬಲ್ಲವು ನೋವು ಶಮನ, ಕ್ರಮಬದ್ಧ ವ್ಯಾಯಾಮ, ಅಗತ್ಯವಾದಾಗ ಸೊಂಟದ ಕೀಲಿನ ಬದಲಾವಣೆ ಇವೇ. ನೋಡಿದೊಡನೆ ಆಹಾರದ ದೋಷವೆಂದೇ ತೋರಿದ ರೋಗ ವಂಶದ ದೋಷವೆಂದು ತಿಳಿಯಲು ವರ್ಷಗಳ ಅಧ್ಯಯನ ಬೇಕಾಯಿತು. ಕೀಲು ನೋಯುತ್ತಿದೆ ಎಂಬುದು ಒಂದು ಲಕ್ಷಣ ಮಾತ್ರ. ಯಾವ ರೋಗವೆಂದು ನಿರ್ಧರಿಸದೆ ಯಾವ ಆಹಾರ, ಯಾವ ಪೂರಕ ಎಂದು ಕೇಳುವುದು ಅಕಾಲಿಕ. ಹಂದಿಗೋಡು ಕಲಿಸುವ ಪಾಠ ಇದೇ.

ನೋವು ಒಂದು, ರೋಗ ಹಲವು

ನಮ್ಮ ಪ್ರಾಚೀನ ವೈದ್ಯರಿಗೆ ಈ ಭೇದ ತಿಳಿದಿತ್ತು. ಚರಕಸಂಹಿತೆಯು ವಾತರಕ್ತಕ್ಕೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟಿದೆ. ಮಾಧವನಿದಾನವು ಆಮವಾತವನ್ನು ಬೇರೆಯೇ ರೋಗವಾಗಿ ವರ್ಣಿಸಿದೆ. ಆಧುನಿಕ ವೈದ್ಯಶಾಸ್ತ್ರವಂತೂ ಕೀಲುಬೇನೆಗಳನ್ನು ನೂರಕ್ಕೂ ಮಿಕ್ಕಿ ಎಣಿಸುತ್ತದೆ. ಅವುಗಳಲ್ಲಿ ಕಾಫಿಸೀಮೆಯ ಜನರಿಗೆ ಪರಿಚಿತವಾದವು ನಾಲ್ಕು.

ಮೊದಲನೆಯದು ಸವೆತದ ಸಂಧಿವಾತ. ವಯಸ್ಸು, ದೇಹದ ತೂಕ, ಹಳೆಯ ಪೆಟ್ಟು, ದೀರ್ಘಕಾಲದ ಭಾರದ ಕೆಲಸ ಇದರ ಕಾರಣಗಳು. ನೋವು ನಡೆದಾಗ ಹೆಚ್ಚು, ವಿಶ್ರಾಂತಿಯಲ್ಲಿ ಕಡಮೆ. ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲುತ್ತದೆ.

ಎರಡನೆಯದು ರುಮಟಾಯ್ಡ್ ಸಂಧಿವಾತ. ದೇಹದ ರಕ್ಷಣಾವ್ಯವಸ್ಥೆಯೇ ತನ್ನ ಕೀಲುಗಳ ಒಳಪೊರೆಯ ಮೇಲೆ ತಿರುಗಿಬೀಳುವ ರೋಗ ಇದು. ಎರಡೂ ಕೈಗಳ ಬೆರಳುಗಳ ಸಂದು, ಮಣಿಕಟ್ಟುಗಳು ಊದಿಕೊಳ್ಳುತ್ತವೆ. ಬೆಳಗಿನ ಬಿಗಿತ ಗಂಟೆಗಟ್ಟಲೆ ಇರುತ್ತದೆ. ಪುರುಷರಿಗಿಂತ ಮಹಿಳೆಯರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು. ಚಿಕಿತ್ಸೆ ತಡವಾದಷ್ಟೂ ಕೀಲು ಶಾಶ್ವತವಾಗಿ ಹಾಳಾಗುತ್ತದೆ.

ಮೂರನೆಯದು ಗೌಟ್. ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿ, ಅದರ ಹರಳುಗಳು ಕೀಲಿನಲ್ಲಿ ನೆಲೆಯೂರುವುದು ಇದರ ಮೂಲ. ಬಹುತೇಕ ಕಾಲಿನ ಹೆಬ್ಬೆರಳಿನ ಬುಡದಲ್ಲಿ, ರಾತ್ರೋರಾತ್ರಿ, ಹೊದಿಕೆ ತಾಗಿದರೂ ಸಹಿಸಲಾಗದ ನೋವಿನೊಂದಿಗೆ ಇದು ಕಾಣಿಸಿಕೊಳ್ಳುತ್ತದೆ.

ನಾಲ್ಕನೆಯದು ಚಿಕುನ್‌ಗುನ್ಯಾ ಜ್ವರದ ನಂತರದ ಕೀಲುನೋವು. 2006ರಲ್ಲಿ ಕರ್ನಾಟಕವೊಂದರಲ್ಲಿಯೇ ಏಳು ಲಕ್ಷಕ್ಕೂ ಮೀರಿ ಶಂಕಿತ ಪ್ರಕರಣಗಳು ದಾಖಲಾದವು. ಜ್ವರ ಒಂದು ವಾರದಲ್ಲಿ ಇಳಿದರೂ ಹಲವರಲ್ಲಿ ನೋವು ತಿಂಗಳುಗಟ್ಟಲೆ ಉಳಿಯಿತು.

ಇವು ನಾಲ್ಕರ ಕಾರಣವೂ ಬೇರೆ, ಗತಿಯೂ ಬೇರೆ. ನಾಲ್ಕಕ್ಕೂ ಒಂದೇ ಶೀಸೆ ಸಾಕೆಂದು ಹೇಳುವ ಜಾಹೀರಾತನ್ನು ಅಷ್ಟರಿಂದಲೇ ಅಳೆಯಬಹುದು.

ಮೃದ್ವಸ್ಥಿಯ ಪೋಷಣೆ

ಎರಡು ಮೂಳೆಗಳು ಕೂಡುವಲ್ಲಿ ಅವುಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆಯಿದೆ. ಇದರ ಹೆಚ್ಚಿನ ಪಾಲು ನೀರು. ಉಳಿದುದು ಕೊಲಾಜೆನ್ ಎಂಬ ನಾರಿನ ಬಲೆ ಮತ್ತು ನೀರನ್ನು ಹಿಡಿದಿಡುವ ಕೆಲವು ಸಂಯುಕ್ತಗಳು. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಭಾರ ಬಿದ್ದಾಗ ಹಿಂಡಿದ ಸ್ಪಂಜಿನಂತೆ ದ್ರವವನ್ನು ಹೊರಬಿಟ್ಟು, ಭಾರ ಇಳಿದಾಗ ಸುತ್ತಲಿನ ಸಂಧಿದ್ರವವನ್ನು ಹೀರಿಕೊಂಡು ಅದು ತನ್ನ ಪೋಷಣೆಯನ್ನು ಪಡೆಯುತ್ತದೆ. ಆದುದರಿಂದ ಮಿತವಾದ ಚಲನೆ ಮೃದ್ವಸ್ಥಿಗೆ ಊಟವಿದ್ದಂತೆ. ನೋವಿಗೆ ಹೆದರಿ ತಿಂಗಳುಗಟ್ಟಲೆ ಮಂಚ ಹಿಡಿಯುವವರ ಕೀಲುಗಳು ಹಸಿವಿನಿಂದ ಇನ್ನಷ್ಟು ಸೊರಗುತ್ತವೆ.

ಮೃದ್ವಸ್ಥಿಯಲ್ಲಿರುವ ವಸ್ತುವನ್ನೇ ನುಂಗಿದರೆ ಮೃದ್ವಸ್ಥಿ ಬೆಳೆಯುತ್ತದೆ ಎಂಬ ವಾದ ಕೇಳಲು ಸೊಗಸಾಗಿದೆ. ಆದರೆ ನುಂಗಿದ ಪದಾರ್ಥ ಜಠರದಲ್ಲಿ ಪಚನವಾಗಿ, ಯಕೃತ್ತನ್ನು ಹಾದು, ಇಡೀ ದೇಹಕ್ಕೆ ಹಂಚಿಹೋಗುತ್ತದೆ. ಅದು ಮಂಡಿಯ ವಿಳಾಸ ಹುಡುಕಿಕೊಂಡು ಹೋಗುವುದಿಲ್ಲ. ವಾದ ಸರಿಯೋ ತಪ್ಪೋ ಎಂಬುದು ಪರೀಕ್ಷೆಯಿಂದಲೇ ನಿರ್ಧಾರವಾಗಬೇಕು.

ಪರೀಕ್ಷೆಗೊಳಗಾದ ಪೂರಕಗಳು

ಗ್ಲುಕೋಸಮೀನ್ ಮತ್ತು ಕಾಂಡ್ರಾಯ್ಟಿನ್‌ಗಳ ಅತಿ ಪ್ರಸಿದ್ಧ ಪರೀಕ್ಷೆ ಅಮೆರಿಕದಲ್ಲಿ ನಡೆದು 2006ರಲ್ಲಿ ಪ್ರಕಟವಾಯಿತು. ಮಂಡಿಯ ಸವೆತದ 1583 ರೋಗಿಗಳನ್ನು ಐದು ಗುಂಪುಗಳಾಗಿ ವಿಂಗಡಿಸಿ 24 ವಾರಗಳ ಕಾಲ ಗ್ಲುಕೋಸಮೀನ್, ಕಾಂಡ್ರಾಯ್ಟಿನ್, ಇವೆರಡೂ ಕೂಡಿ, ಒಂದು ನೋವುನಿವಾರಕ, ಮತ್ತು ಔಷಧಗುಣವಿಲ್ಲದ ಹುಸಿಮಾತ್ರೆ ಇವುಗಳನ್ನು ಕೊಡಲಾಯಿತು. ಯಾರಿಗೆ ಯಾವುದು ದೊರೆಯಿತೆಂಬುದು ರೋಗಿಗೂ ಗೊತ್ತಿಲ್ಲ, ಪರೀಕ್ಷಿಸುವ ವೈದ್ಯರಿಗೂ ಗೊತ್ತಿಲ್ಲ. ನೋವು ಗಣನೀಯವಾಗಿ ತಗ್ಗಿತೆಂದವರು ಜೋಡಿ ಪೂರಕ ಪಡೆದವರಲ್ಲಿ ನೂರಕ್ಕೆ 66.6, ನೋವುನಿವಾರಕ ಪಡೆದವರಲ್ಲಿ 70.1, ಹುಸಿಮಾತ್ರೆ ನುಂಗಿದವರಲ್ಲಿ 60.1. ಒಟ್ಟಾರೆಯಾಗಿ ಈ ಪೂರಕಗಳು ಹುಸಿಮಾತ್ರೆಗಿಂತ ನಿಶ್ಚಿತವಾಗಿ ಮೇಲೆಂದು ಸಿದ್ಧವಾಗಲಿಲ್ಲ.

ಇಲ್ಲಿ ಗಮನಿಸಬೇಕಾದ ಅಂಕಿ ಕೊನೆಯದು. ಔಷಧವೇ ಅಲ್ಲದ ಮಾತ್ರೆಯಿಂದ ಹತ್ತರಲ್ಲಿ ಆರು ಮಂದಿಗೆ ಗುಣ ಕಂಡಿತು! ಇದು ಅವರ ಭ್ರಮೆಯೂ ಅಲ್ಲ, ಸುಳ್ಳೂ ಅಲ್ಲ. ಕೀಲುನೋವು ತಾನಾಗಿ ಏರಿಳಿಯುವ ಸ್ವಭಾವದ್ದು. ನೋವು ಅತಿಯಾದಾಗಲೇ ಜನ ಔಷಧ ಕೊಳ್ಳುತ್ತಾರೆ. ಆನಂತರ ಅದು ಇಳಿಯುವುದು ಸಹಜ. ಮಲೆನಾಡಿನ ಮಳೆ ಚಳಿಗಳಲ್ಲಿ ಕೀಲು ಬಿಗಿಯುತ್ತದೆಂದು ಹೇಳುವವರು ಬಹಳ. ಆಷಾಢದಲ್ಲಿ ಕೊಂಡ ಶೀಸೆಗೆ ಕಾರ್ತಿಕದ ಬಿಸಿಲಿನ ಕೀರ್ತಿ ಸಲ್ಲುತ್ತದೆ. ನೆರೆಮನೆಯವರ ಅನುಭವ ಎಷ್ಟೇ ಪ್ರಾಮಾಣಿಕವಾಗಿದ್ದರೂ ಅದನ್ನು ಪ್ರಮಾಣವಾಗಿ ಸ್ವೀಕರಿಸಲಾಗದಿರುವುದು ಈ ಕಾರಣದಿಂದ.

ಶಾಕಾಹಾರಿಗಳು ತಿಳಿಯಬೇಕಾದ ಸಂಗತಿಯೊಂದಿದೆ. ಮಾರುಕಟ್ಟೆಯ ಗ್ಲುಕೋಸಮೀನ್ ಬಹುಮಟ್ಟಿಗೆ ಸೀಗಡಿ, ಏಡಿಗಳ ಚಿಪ್ಪಿನಿಂದ ತಯಾರಾಗುತ್ತದೆ. ಕಾಂಡ್ರಾಯ್ಟಿನ್ ಪ್ರಾಣಿಗಳ ಮೃದ್ವಸ್ಥಿಯಿಂದ. ಕ್ಯಾಪ್ಸೂಲಿನ ಹೊರಕವಚದ ಜೆಲಾಟಿನ್ ಪ್ರಾಣಿಗಳ ಚರ್ಮ, ಮೂಳೆಗಳಿಂದ. ಧಾನ್ಯಗಳನ್ನು ಹುದುಗಿಸಿ ತಯಾರಿಸುವ ಗ್ಲುಕೋಸಮೀನ್ ಕೂಡ ಉಂಟು. ಪೊಟ್ಟಣದ ಮೇಲಿನ ಹಸಿರು ಅಥವಾ ಕಂದು ಗುರುತನ್ನು ನೋಡದೆ ಕೊಳ್ಳುವುದು ಸಲ್ಲದು. ಏಡಿ ಸೀಗಡಿ ಒಗ್ಗದವರಿಗೆ ಇದು ಆರೋಗ್ಯದ ಪ್ರಶ್ನೆಯೂ ಹೌದು.

ಅರಿಶಿನದ ವಿಷಯ ಇದಕ್ಕಿಂತ ಆಶಾದಾಯಕ. ಥಾಯ್ಲೆಂಡಿನಲ್ಲಿ ಮಂಡಿನೋವಿನ 367 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಅರಿಶಿನದ ಸಾರವು ನಾಲ್ಕು ವಾರಗಳ ಅವಧಿಯಲ್ಲಿ ಐಬುಪ್ರೊಫೆನ್ ಎಂಬ ನೋವುನಿವಾರಕಕ್ಕೆ ಕಡಮೆಯಿಲ್ಲದ ಫಲ ನೀಡಿತು. ಆದರೆ ಸಾರ ಬೇರೆ, ಅಡುಗೆಮನೆಯ ಅರಿಶಿನ ಬೇರೆ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಎಂಬ ಸತ್ವ ನೂರಕ್ಕೆ ಸುಮಾರು ಮೂರು ಪಾಲು ಮಾತ್ರ. ಒಂದು ಚಮಚೆ, ಎಂದರೆ ಮೂರು ಗ್ರಾಂ ಪುಡಿಯಲ್ಲಿ ದೊರೆಯುವುದು ನೂರು ಮಿಲಿಗ್ರಾಮಿಗೂ ಕಡಮೆ. ಪರೀಕ್ಷೆಗಳಲ್ಲಿ ಬಳಸುವ ಪ್ರಮಾಣ ದಿನಕ್ಕೆ ಸಾವಿರ ಮಿಲಿಗ್ರಾಮಿನ ಸುಮಾರು. ಅದೂ ರಕ್ತಕ್ಕೆ ಸೇರುವುದು ಅತ್ಯಲ್ಪ. ಈ ಕೊರತೆಗೆ ಪರಿಹಾರ ಕಾಫಿತೋಟದ ಸಿಲ್ವರ್ ಮರಗಳನ್ನು ತಬ್ಬಿ ಬೆಳೆಯುವ ಕಾಳುಮೆಣಸಿನಲ್ಲಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೆಣಸಿನ ಖಾರಕ್ಕೆ ಕಾರಣವಾದ ಪೈಪರಿನ್ 20 ಮಿಲಿಗ್ರಾಂ ಸೇರಿಸಿದಾಗ ಮನುಷ್ಯರಲ್ಲಿ ಕರ್ಕ್ಯುಮಿನ್ ಹೀರಿಕೆ ಸುಮಾರು 20 ಪಟ್ಟು ಹೆಚ್ಚಿತು.

ಈ ಲಾಭಕ್ಕೆ ಇನ್ನೊಂದು ಮುಖವುಂಟು. ಪೈಪರಿನ್ ಬೇರೆ ಔಷಧಗಳ ಹೀರಿಕೆಯನ್ನೂ ಏರಿಸಬಲ್ಲದು. ಹೆಚ್ಚು ಹೀರುವಂತೆ ತಯಾರಿಸಿದ ಅರಿಶಿನದ ಗುಳಿಗೆಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ಅಮೆರಿಕದಲ್ಲಿ ವರದಿಯಾಗಿವೆ. ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಇವುಗಳನ್ನು ಮುಟ್ಟಬಾರದು. ಸಾರಿಗೆ ಹಾಕುವ ಅರಿಶಿನ, ಮೆಣಸಿಗೆ ಈ ಭಯವಿಲ್ಲ. ಅದರಿಂದ ಅಷ್ಟು ಫಲವನ್ನು ನಿರೀಕ್ಷಿಸುವುದೂ ಉಚಿತವಲ್ಲ.

ಶಲ್ಲಕಿಯ ಗೋಂದು ಆಯುರ್ವೇದದಲ್ಲಿ ಪ್ರಸಿದ್ಧ. ನಾಗಪುರದಲ್ಲಿ ಮಂಡಿಯ ಸವೆತದ 30 ರೋಗಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ನೋವೂ ಊತವೂ ತಗ್ಗಿದವು. ಫಲ ಉತ್ತೇಜಕ, ಸಂಖ್ಯೆ ಅತಿ ಚಿಕ್ಕದು. ಮೀನೆಣ್ಣೆ ರುಮಟಾಯ್ಡ್ ಸಂಧಿವಾತದ ನೋವನ್ನೂ ಬೆಳಗಿನ ಬಿಗಿತವನ್ನೂ ತಕ್ಕಮಟ್ಟಿಗೆ ತಗ್ಗಿಸುತ್ತದೆ, ಆದರೆ ಮೂಲ ಚಿಕಿತ್ಸೆಯ ಸ್ಥಾನ ತುಂಬದು. ಶಾಕಾಹಾರಿಗಳು ಬಳಸುವ ಅಗಸೆಬೀಜದ ಕೊಬ್ಬಿನಲ್ಲಿ ಸ್ವಲ್ಪ ಪಾಲು ಮಾತ್ರ ದೇಹದಲ್ಲಿ ಮೀನೆಣ್ಣೆಯ ಅಂಶವಾಗಿ ಮಾರ್ಪಡುತ್ತದೆ.

ಡಿ ಜೀವಸತ್ವದ ಕೊರತೆಯಿದ್ದಲ್ಲಿ ಮೂಳೆ ಮೆತ್ತಗಾಗಿ, ಸ್ನಾಯು ಸೋತು, ಮೈಕೈ ನೋಯುತ್ತದೆ. ಅದನ್ನು ಕೀಲುನೋವೆಂದು ಭಾವಿಸುವುದುಂಟು. ರಕ್ತಪರೀಕ್ಷೆಯಲ್ಲಿ ಕೊರತೆ ಕಂಡರೆ ತುಂಬಿಕೊಡುವುದು ಅವಶ್ಯ. ಆದರೆ ಸವೆದ ಮಂಡಿಯ 146 ರೋಗಿಗಳಿಗೆ ಎರಡು ವರ್ಷ ಇದನ್ನು ಕೊಟ್ಟು ನೋಡಿ 2013ರಲ್ಲಿ ಪ್ರಕಟಿಸಿದ ಅಮೆರಿಕದ ಪರೀಕ್ಷೆಯಲ್ಲಿ ನೋವಾಗಲಿ ಸವೆತವಾಗಲಿ ತಗ್ಗಲಿಲ್ಲ. ಕೊರತೆಯಿದ್ದವರಿಗೆ ಪೂರಕ ಔಷಧದಂತೆ ಕೆಲಸಮಾಡುತ್ತದೆ. ಕೊರತೆಯಿಲ್ಲದವರಿಗೆ ಅದು ಖರ್ಚು.

ನಿಸ್ಸಂದೇಹವಾಗಿ ಉಪಯುಕ್ತವಾದ ಪೂರಕವೂ ಒಂದುಂಟು, ಅದರ ಬೆಲೆ ಅತ್ಯಲ್ಪ. ರುಮಟಾಯ್ಡ್ ಸಂಧಿವಾತಕ್ಕೆ ವಾರಕ್ಕೊಮ್ಮೆ ಕೊಡುವ ಮೆಥೋಟ್ರೆಕ್ಸೇಟ್ ಔಷಧದ ದುಷ್ಪರಿಣಾಮಗಳನ್ನು ಫೋಲಿಕ್ ಆಮ್ಲದ ಸಣ್ಣ ಮಾತ್ರೆ ತಗ್ಗಿಸುತ್ತದೆ. ವಾರಕ್ಕೊಮ್ಮೆ ನುಂಗಬೇಕಾದ ಮೆಥೋಟ್ರೆಕ್ಸೇಟನ್ನು ತಪ್ಪಿ ದಿನವೂ ನುಂಗಿದರೆ ಪ್ರಾಣಾಪಾಯ ಎಂಬುದನ್ನು ಮನೆಮಂದಿಯೆಲ್ಲ ಅರಿತಿರಬೇಕು.

ಕಾಫಿಸೀಮೆಯವರಿಗೆ ಸಂತೋಷ ತರುವ ಒಂದು ಮಾತು: 45,869 ಪುರುಷರನ್ನು ಹನ್ನೆರಡು ವರ್ಷ ಗಮನಿಸಿ 2007ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ ಹೆಚ್ಚು ಕಾಫಿ ಕುಡಿಯುವವರಲ್ಲಿ ಗೌಟ್ ಕಡಮೆ ಕಂಡಿತು. ಆದರೆ ಗೌಟ್ ಬಂದವರಿಗೆ ಕಾಫಿ ಚಿಕಿತ್ಸೆಯಲ್ಲ. ಅವರು ಮದ್ಯವನ್ನೂ ಪ್ರಾಣಿಗಳ ಯಕೃತ್ತು ಮೊದಲಾದ ಒಳಾಂಗಗಳ ಮಾಂಸವನ್ನೂ ಬಿಟ್ಟು, ಯೂರಿಕ್ ಆಮ್ಲ ಇಳಿಸುವ ಔಷಧವನ್ನು ವೈದ್ಯರ ಸೂಚನೆಯಂತೆ ಸೇವಿಸಬೇಕು.

ಹೆಸರಿಲ್ಲದ ಪುಡಿಗಳು

ಎಲ್ಲಕ್ಕಿಂತ ಹೆಚ್ಚಿನ ಅಪಾಯವಿರುವುದು ತಯಾರಕರ ಹೆಸರಿಲ್ಲದ, ಒಳಗೇನಿದೆಯೆಂದು ಬರೆಯದ ಪುಡಿಗಳಲ್ಲಿ. ಗಿಡಮೂಲಿಕೆಯೆಂದು ಮಾರುವ ಇಂಥ ಕೆಲವು ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಪತ್ತೆಯಾಗಿದೆ. ಎರಡೇ ದಿನದಲ್ಲಿ ಹಳೆಯ ನೋವು ಮಾಯವಾಗಿ ಹಸಿವು ಹೆಚ್ಚಿದರೆ ಹರ್ಷಕ್ಕಿಂತ ಸಂಶಯ ಮೇಲು. ಕೆಲವು ತಿಂಗಳಲ್ಲಿ ಮುಖ ಊದುತ್ತದೆ, ಸಕ್ಕರೆ ಕಾಯಿಲೆ ತಲೆಯೆತ್ತುತ್ತದೆ, ಮೂಳೆ ತೆಳುವಾಗುತ್ತದೆ, ಸೊಂಟದ ಕೀಲಿನ ಮೂಳೆಯೇ ಸಾಯುವುದುಂಟು. ಇಂಥ ಪುಡಿಯನ್ನು ಬಹುಕಾಲ ಸೇವಿಸಿದವರು ಅದನ್ನು ಥಟ್ಟನೆ ನಿಲ್ಲಿಸುವುದೂ ಅಪಾಯ. ಪುಡಿಯ ಪೊಟ್ಟಣದೊಡನೆ ವೈದ್ಯರ ಬಳಿಗೆ ಹೋಗುವುದು ಕ್ಷೇಮ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯಿದೆಯು ಗುಣಪಡಿಸುವೆವೆಂದು ಜಾಹೀರಾತು ಕೊಡಬಾರದ ರೋಗಗಳ ಪಟ್ಟಿಯಲ್ಲಿ ಸಂಧಿವಾತವನ್ನೂ ಸೇರಿಸಿದೆ. 2016ರ ಆಹಾರಪೂರಕಗಳ ನಿಯಮಗಳಂತೆ, ಇವು ಔಷಧೀಯ ಬಳಕೆಗಲ್ಲ ಎಂಬ ಎಚ್ಚರಿಕೆ ಪೊಟ್ಟಣದ ಮೇಲೆ ಇರಲೇಬೇಕು. ಆ ಒಂದು ಸಾಲನ್ನು ಓದಿ ಕೊಳ್ಳುವವರು ಎಷ್ಟು ಮಂದಿ?

ಪೂರಕಕ್ಕಿಂತ ಮೊದಲು

ಸವೆದ ಮಂಡಿಗೆ ಅತ್ಯುತ್ತಮ ಮದ್ದು ಶೀಸೆಯಲ್ಲಿಲ್ಲ. ದೇಹದ ತೂಕದಲ್ಲಿ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ ಎಂದು 2005ರ ಅಧ್ಯಯನವೊಂದು ಲೆಕ್ಕಹಾಕಿದೆ. ಸ್ಥೂಲಕಾಯರು ಮಿತಾಹಾರ ಮತ್ತು ವ್ಯಾಯಾಮಗಳನ್ನು ಒಟ್ಟಿಗೆ ಅನುಸರಿಸಿದಾಗ ಫಲ ಹೆಚ್ಚೆಂದು 454 ಜನರ ಮೇಲೆ 18 ತಿಂಗಳು ನಡೆದು 2013ರಲ್ಲಿ ಪ್ರಕಟವಾದ ಪರೀಕ್ಷೆ ತೋರಿಸಿದೆ. ಕುರ್ಚಿಯ ಮೇಲೆ ಕುಳಿತು ಕಾಲನ್ನು ನೇರವಾಗಿ ಚಾಚಿ ಕೆಲವು ಕ್ಷಣ ಹಿಡಿದು ಇಳಿಸುವ ಸರಳ ವ್ಯಾಯಾಮ ತೊಡೆಯ ಸ್ನಾಯುವನ್ನು ಬಲಪಡಿಸಿ ಮಂಡಿಯ ಹೊರೆಯನ್ನು ಹಂಚಿಕೊಳ್ಳುತ್ತದೆ. ಇಳಿಜಾರಿನಲ್ಲಿ ಇಳಿಯುವಾಗ ಮಂಡಿಗೆ ಹೆಚ್ಚು ಶ್ರಮ. ಊರುಗೋಲು ಹಿಡಿಯುವವರು ನೋವಿರುವ ಕಾಲಿನ ಎದುರುಗೈಯಲ್ಲಿ ಹಿಡಿಯಬೇಕು. ಕಳೆ ಕೀಳುವಾಗ ಕುಕ್ಕರಗಾಲಿನ ಬದಲು ಮಣೆ ಬಳಸುವುದು, ಮೂಟೆಯನ್ನು ಇಬ್ಬರು ಎತ್ತುವುದು, ತೋಟದ ದಾರಿಗೆ ಮೆಟ್ಟಿಲು ಕಡಿಸುವುದು ಇವೆಲ್ಲ ಚಿಕಿತ್ಸೆಯ ಅಂಗಗಳೇ.

ಬೆರಳ ಸಂದುಗಳು ಊದಿ ಆರು ವಾರ ಕಳೆದರೂ ಇಳಿಯದಿದ್ದರೆ, ಒಂದೇ ಕೀಲು ಕೆಂಪಾಗಿ ಜ್ವರ ಬಂದರೆ, ಮಗು ಕುಂಟತೊಡಗಿದರೆ ಪೂರಕದ ಮಾತನ್ನು ಬದಿಗಿಟ್ಟು ಆಸ್ಪತ್ರೆಗೆ ಹೋಗಬೇಕು. ಜ್ವರದೊಡನೆ ಕೆಂಪಾದ ಕೀಲಿಗೆ ಅದೇ ದಿನ ಚಿಕಿತ್ಸೆ ಬೇಕು.

ಶಿಕ್ಷಕರಿಗೂ ದಾನಿಗಳಿಗೂ

ಮಗುವಿನ ನಡಿಗೆ ಬದಲಾದುದನ್ನು ಮನೆಯವರಿಗಿಂತ ಮೊದಲು ಕಾಣುವ ಅವಕಾಶ ಶಿಕ್ಷಕರಿಗುಂಟು. ಆಟದ ಬಯಲಿನಲ್ಲಿ ಹಿಂದೆ ಬೀಳುವ, ಬೆಳಗಿನ ಹೊತ್ತು ಪೆನ್ಸಿಲು ಹಿಡಿಯಲಾರದ, ವರ್ಷ ಕಳೆದರೂ ಎತ್ತರ ಬೆಳೆಯದ ವಿದ್ಯಾರ್ಥಿಯನ್ನು ಸೋಮಾರಿಯೆಂದು ಗದರದೆ ವೈದ್ಯರಿಗೆ ತೋರಿಸುವಂತೆ ಪೋಷಕರಿಗೆ ಹೇಳುವುದು ದೊಡ್ಡ ಉಪಕಾರ. ಹಂದಿಗೋಡಿನ ಮಕ್ಕಳ ಬೆಳವಣಿಗೆಯಲ್ಲಿ ಮೊದಲು ಕಂಡದ್ದು ಇಂಥ ಗುರುತುಗಳೇ.

ಉಚಿತ ಆರೋಗ್ಯ ಶಿಬಿರಗಳಲ್ಲಿ ಟಾನಿಕ್ ಹಂಚುವ ಪದ್ಧತಿ ಸದುದ್ದೇಶದ್ದು; ಆದರೆ ಒಂದು ತಿಂಗಳ ಶೀಸೆ ಒಂದು ತಿಂಗಳಲ್ಲಿ ಮುಗಿಯುತ್ತದೆ. ಅದೇ ಹಣದಲ್ಲಿ ರಕ್ತಪರೀಕ್ಷೆ ಮಾಡಿಸಬಹುದು, ವ್ಯಾಯಾಮ ಕಲಿಸುವ ಭೌತಚಿಕಿತ್ಸಕರನ್ನು ಕರೆಸಬಹುದು, ಊರುಗೋಲು ಕೊಡಿಸಬಹುದು. ಕಳಸದ ಮೂಲೆಯ ತೋಟದಲ್ಲಿ ಬೆರಳೂದಿದ ಕೂಲಿ ಮಹಿಳೆಯೊಬ್ಬರು ಒಂದು ದಿನದ ಕೂಲಿ ಬಿಟ್ಟು ಜಿಲ್ಲಾ ಆಸ್ಪತ್ರೆಗೆ ಹೋಗಿಬರುವ ಖರ್ಚನ್ನು ಭರಿಸಿದರೆ, ರೋಗ ಯಾವುದೆಂದು ಆಕೆಗೆ ಕಾಲಕ್ಕೆ ಸರಿಯಾಗಿ ತಿಳಿಯುತ್ತದೆ. ಆ ಕೈಗಳು ಮುಂದಿನ ಕೊಯ್ಲಿಗೂ, ಮನೆಯ ಒಲೆಗೂ, ಮಗುವಿನ ಜಡೆಗೂ ಉಳಿಯುವುದು ಬಹುಮಟ್ಟಿಗೆ ಆ ತಿಳಿವಳಿಕೆಯನ್ನೇ ಅವಲಂಬಿಸಿದೆ.